ಗದ್ದದ ಕೂದಲು ಮತ್ತು ತಪ್ಪಿದ ಡೇಟು

ನಮ್ಮ ಬೀದಿಯ ಪಾರ್ಲರ್ ಅಕ್ಕ ಹಲ್ಲಲ್ಲಿ ದಾರ ಕಚ್ಚಿಕೊಂಡು ನನಗೆ ಥ್ರೆಡ್ಡಿಂಗ್ ಮಾಡುತ್ತಿದ್ದರು. ಮೇಲ್ತುಟಿ ಮುಗಿಯಿತು. ಗದ್ದಕ್ಕೆ ಬಂದಾಗ ಕೈ ನಿಲ್ಲಿಸಿ, ದಾರ ಬಿಟ್ಟು ನನ್ನ ಮುಖ ನೋಡಿದರು. "ಬೇಜಾರು ಮಾಡ್ಕೋಬ್ಯಾಡ ತಂಗಿ, ನಿಂಗೆ ಡೇಟ್ ಸರಿಯಾಗಿ ಆಗ್ತತಾ?" ಎಂದು ಮೆಲ್ಲಗೆ ಕೇಳಿದರು. ಆಗ ನನಗೆ 19 ವರ್ಷ. ಅಷ್ಟು ಹೊತ್ತಿಗೆ ಮೊಡವೆ ಅಂತ ಇಬ್ಬರು ಡಾಕ್ಟರಿಗೆ ತೋರಿಸಿದ್ದೆ. ಆ ಪ್ರಶ್ನೆಯನ್ನು ಮೊದಲು ಕೇಳಿದವರು ಪಾರ್ಲರ್ ಅಕ್ಕ.

ಗದ್ದದ ಕೂದಲಿಗೂ ಮುಟ್ಟಿಗೂ ಸಂಬಂಧ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಡೇಟ್ ಆಗುತ್ತಿತ್ತು. ಅದನ್ನು ಅನುಕೂಲ ಎಂದೇ ಅಂದುಕೊಂಡಿದ್ದೆ. ಹಬ್ಬಕ್ಕಾಗಲಿ, ದುಗ್ಗಮ್ಮನ ಜಾತ್ರೆಗಾಗಲಿ, ಪರೀಕ್ಷೆಗಾಗಲಿ ಅಡ್ಡಿ ಇಲ್ಲ ಅಲ್ವಾ? ಮನೆಯಲ್ಲೂ ಯಾರೂ ಅದನ್ನು ಕಾಯಿಲೆ ಎಂದು ಎಣಿಸಲಿಲ್ಲ.

ಈಗ ಚಿತ್ರದುರ್ಗದ ನನ್ನ ಅಕ್ಕನ ಮಗಳು ನಮ್ಮೂರು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ. ಹೋದ ವರ್ಷ ಅವಳು ನಮ್ಮ ಮನೆಯೊಳಗೂ ಗದ್ದದ ಮೇಲೆ ಕೈ ಇಟ್ಟುಕೊಂಡೇ ಮಾತಾಡುವುದನ್ನು ಗಮನಿಸಿದೆ. ಸ್ಕೂಟಿ ಓಡಿಸುವಾಗ ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುವುದು ಇಲ್ಲಿ ಸಾಮಾನ್ಯ. ಪಿಬಿ ರಸ್ತೆಯ ಧೂಳು, ಬಿಸಿಲು ಹಾಗಿದೆ. ಇವಳು ಗಾಡಿ ಇಳಿದ ಮೇಲೂ ಅದನ್ನು ಬಿಚ್ಚುತ್ತಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇದರ ಜೊತೆ ಬದುಕಿ, ಓದಿ, ಕೇಳಿ ತಿಳಿದುಕೊಂಡವಳು.

ಮೊದಲು ಕೂದಲಿನ ವಿಷಯ. ನಮ್ಮ ಮೈಮೇಲೆ ಎರಡು ಬಗೆಯ ಕೂದಲಿದೆ. ಒಂದು, ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ತೆಳು ನವಿರು. ಹೆಂಗಸರ ಕೆನ್ನೆ, ಗದ್ದ, ಹೊಟ್ಟೆಯ ಮೇಲೆ ಇರುವುದು ಇದೇ. ಇನ್ನೊಂದು ತಲೆ, ಹುಬ್ಬಿನಲ್ಲಿರುವ ದಪ್ಪ ಕಪ್ಪು ಕೂದಲು. ಮೇಲ್ತುಟಿ, ಗದ್ದ, ಎದೆಯ ನಡುವೆ, ಹೊಕ್ಕುಳ ಕೆಳಗೆ, ಬೆನ್ನಿನ ಮೇಲಿನ ನವಿರು ದಪ್ಪ ಕಪ್ಪಾಗಿ ಬದಲಾಗಲು ಟೆಸ್ಟೋಸ್ಟೆರೋನ್‌ನಂತಹ ಹಾರ್ಮೋನ್ ಬೇಕು. ಗಂಡು ಹುಡುಗರಿಗೆ ಹರೆಯದಲ್ಲಿ ಮೀಸೆ ಮೂಡುವುದು ಇದರಿಂದಲೇ. ಹೆಂಗಸರಲ್ಲಿ ಇದೇ ಜಾಗಗಳಲ್ಲಿ ಒರಟು ಕೂದಲು ಬಂದರೆ ಅದನ್ನು ಹಿರ್ಸುಟಿಸಂ ಎನ್ನುತ್ತಾರೆ. ಮೊಣಕೈ ಕೆಳಗೆ, ಕಾಲಿನ ಮೇಲೆ ಕೂದಲು ಜಾಸ್ತಿ ಇರುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಬಹುಮಟ್ಟಿಗೆ ಮನೆತನದಿಂದ ಬಂದದ್ದು. ಸುಮ್ನೆ ಅದಕ್ಕಾಗಿ ಹೆದರಬೇಡಿ.

ಎಷ್ಟು ಇದ್ದರೆ ಹೆಚ್ಚು? 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬ ಇಬ್ಬರು ಇದಕ್ಕೊಂದು ಅಳತೆ ಮಾಡಿಕೊಟ್ಟರು. ಸ್ವಲ್ಪ ತಿದ್ದಿದ ರೂಪದಲ್ಲಿ ಇಂದಿಗೂ ಡಾಕ್ಟರುಗಳು ಅದನ್ನೇ ಬಳಸುತ್ತಾರೆ. ಮೈಯ 9 ಜಾಗ, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 36. ಮೂಲತಃ ಯಾವ ಜನಾಂಗದವರು ಎನ್ನುವುದರ ಮೇಲೆ 4ರಿಂದ 6 ಅಂಕ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹಿರ್ಸುಟಿಸಂ ಇರಬಹುದು ಎಂದು ಈಗಿನ ಮಾರ್ಗಸೂಚಿ ಹೇಳುತ್ತದೆ. ಆದರೆ ಗದ್ದದ ಮೇಲೆ ಮಾತ್ರ ಕೂದಲಿದ್ದು ಅಂಕ ಕಡಿಮೆ ಬಂದರೂ, ನಿಮಗೆ ಅದರಿಂದ ಕಷ್ಟವಾಗುತ್ತಿದ್ದರೆ ಅದು ತೋರಿಸಬೇಕಾದ ವಿಷಯವೇ.

ಹೀಗೆ ಕೂದಲು ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಕಾರಣ ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಕೆಲವರು ಪಿಸಿಓಡಿ ಎನ್ನುತ್ತಾರೆ. ಊರಲ್ಲಿ "ಗರ್ಭಕೋಶದಲ್ಲಿ ನೀರುಗುಳ್ಳೆ" ಅನ್ನುವುದೂ ಇದನ್ನೇ. ಅದು ಗರ್ಭಕೋಶದಲ್ಲಿ ಇರುವುದಿಲ್ಲ, ಪಕ್ಕದ ಅಂಡಾಶಯದಲ್ಲಿ ಇರುತ್ತದೆ. ನಿಜವಾದ ಗುಳ್ಳೆಯೂ ಅಲ್ಲ. ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತ ಅಂಡದ ಪುಟ್ಟ ಚೀಲಗಳು ಅವು. ಆಪರೇಷನ್ ಮಾಡಿ ತೆಗೆಸಬೇಕೇನೋ ಎಂದು ಹೆದರಿದ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಹೆಸರೇ ದಾರಿ ತಪ್ಪಿಸುತ್ತದೆ, ಏನು ಮಾಡುವುದು.

ಒಳಗೆ ನಡೆಯುವುದೇನು ಎಂದು ಅಕ್ಕನ ಮಗಳಿಗೆ ಭದ್ರಾ ನಾಲೆಯ ಲೆಕ್ಕದಲ್ಲಿ ಹೇಳಿದೆ. ನಮ್ಮ ಕಡೆಯವರಿಗೆ ಅದು ಬೇಗ ಅರ್ಥವಾಗುತ್ತದೆ. ಟೆಸ್ಟೋಸ್ಟೆರೋನ್ ಹೆಂಗಸರ ಮೈಯಲ್ಲೂ ಇರುತ್ತದೆ, ಸ್ವಲ್ಪವೇ ಸ್ವಲ್ಪ. ಅದನ್ನು ನಾಲೆಯ ನೀರು ಅಂದುಕೊಳ್ಳಿ. ರಕ್ತದಲ್ಲಿ ಹರಿಯುವ ಈ ಹಾರ್ಮೋನಿನ ಹೆಚ್ಚಿನ ಪಾಲನ್ನು ಎಸ್‌ಎಚ್‌ಬಿಜಿ ಎಂಬ ಪ್ರೊಟೀನ್ ಮತ್ತು ಇತರ ಪ್ರೊಟೀನುಗಳು ಹಿಡಿದಿಟ್ಟುಕೊಂಡಿರುತ್ತವೆ. ಅದು ಮುಚ್ಚಿದ ತೂಬಿನ ಹಾಗೆ. ಬಿಡುಗಡೆಯಾಗಿ ಹರಿಯುವ ಒಂದಿಷ್ಟು ಮಾತ್ರ ಕೂದಲಿನ ಬುಡಕ್ಕೆ ತಲುಪುತ್ತದೆ.

ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನ್ ಇನ್ಸುಲಿನ್. ಪಿಸಿಓಎಸ್ ಇರುವ ಹೆಚ್ಚಿನವರಲ್ಲಿ ಮೈ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಈ ಹೆಚ್ಚುವರಿ ಇನ್ಸುಲಿನ್ ಎರಡು ಕಡೆ ಕೈ ಹಾಕುತ್ತದೆ. ಅಂಡಾಶಯಕ್ಕೆ ಹೋಗಿ ಇನ್ನಷ್ಟು ಟೆಸ್ಟೋಸ್ಟೆರೋನ್ ಮಾಡಿಸುತ್ತದೆ, ಅಂದರೆ ನಾಲೆಗೆ ನೀರು ಹೆಚ್ಚುತ್ತದೆ. ಲಿವರ್‌ಗೆ ಹೋಗಿ ಎಸ್‌ಎಚ್‌ಬಿಜಿ ತಯಾರಿಯನ್ನು ಇಳಿಸುತ್ತದೆ, ಅಂದರೆ ತೂಬು ತೆರೆಯುತ್ತದೆ. ಹಾಗಾಗಿ ಕೆಲವರಿಗೆ ರಕ್ತ ಪರೀಕ್ಷೆಯಲ್ಲಿ ಒಟ್ಟು ಟೆಸ್ಟೋಸ್ಟೆರೋನ್ ನಾರ್ಮಲ್ ಬಂದರೂ ಮುಖದಲ್ಲಿ ಕೂದಲು ಬರುತ್ತಿರುತ್ತದೆ. ನಾಲೆಯಲ್ಲಿ ನೀರೆಷ್ಟು ಎನ್ನುವುದರ ಜೊತೆಗೆ ಗದ್ದೆಗೆ ಬಿದ್ದದ್ದೆಷ್ಟು ಎನ್ನುವುದನ್ನೂ ನೋಡಬೇಕು. "ರಿಪೋರ್ಟ್ ನಾರ್ಮಲ್ ಇದೆ, ನಿಂದು ಬರೀ ಭ್ರಮೆ" ಎಂದು ಯಾರಾದರೂ ಹೇಳಿದರೆ ಇದು ನೆನಪಿರಲಿ.

ಇನ್ನು ಮಣ್ಣಿನ ಗುಣ. ಅದೇ ನೀರು, ಒಂದು ಹೊಲ ಹೀರಿಕೊಳ್ಳುತ್ತದೆ, ಇನ್ನೊಂದು ಹೊಲದಲ್ಲಿ ನಿಲ್ಲುವುದೇ ಇಲ್ಲ. ಚರ್ಮದಲ್ಲಿರುವ ಒಂದು ಕಿಣ್ವ ಟೆಸ್ಟೋಸ್ಟೆರೋನನ್ನು ಇನ್ನೂ ಪ್ರಬಲವಾದ ಡಿಎಚ್‌ಟಿ ಆಗಿ ಮಾರ್ಪಡಿಸುತ್ತದೆ. ಈ ಕಿಣ್ವ ಎಷ್ಟು ಚುರುಕು, ಕೂದಲಿನ ಬುಡ ಎಷ್ಟು ಸೂಕ್ಷ್ಮ ಎನ್ನುವುದು ಒಬ್ಬರಿಂದ ಒಬ್ಬರಿಗೆ ಬೇರೆ. ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಗದ್ದದಲ್ಲಿ ಕೂದಲು, ಇನ್ನೊಬ್ಬಳಿಗೆ ಬರೀ ಮೊಡವೆ ಬರಬಹುದು.

ಸಕ್ಕರೆಗೂ ಕೂದಲಿಗೂ ಇರುವ ಈ ನಂಟು ಹೊಸ ವಿಷಯವಲ್ಲ. 1921ರಲ್ಲೇ ಫ್ರಾನ್ಸಿನ ಅಶಾರ್ ಮತ್ತು ಥಿಯರ್ಸ್ ಎಂಬ ವೈದ್ಯರು "ಗಡ್ಡವಿರುವ ಹೆಂಗಸರ ಮಧುಮೇಹ" ಎಂದು ಇದನ್ನು ಬರೆದಿದ್ದರು. 1935ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಸ್ಟೈನ್ ಮತ್ತು ಲೆವೆಂತಾಲ್ ಎಂಬುವರು ಮುಟ್ಟು ನಿಲ್ಲುವುದು, ಕೂದಲು, ಅಂಡಾಶಯದ ಬದಲಾವಣೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ನೂರು ವರ್ಷದ ಹಿಂದೆ ಗೊತ್ತಾದ ಸಂಗತಿ ನನಗೆ 19ನೇ ವಯಸ್ಸಿನವರೆಗೆ ಯಾರೂ ಹೇಳಲಿಲ್ಲವಲ್ಲ ಎನ್ನುವ ನೋವು ನನಗೆ ಇವತ್ತಿಗೂ ಇದೆ.

ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಪಿಸಿಓಎಸ್ ಇದೆ, ಅವರಲ್ಲಿ 70 ಪಾಲಿನಷ್ಟು ಮಂದಿಗೆ ಅದು ತಮಗಿದೆ ಎಂದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಟ್ಟು ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ರೂಪ, ಈ ಮೂರರಲ್ಲಿ ಎರಡು ಇದ್ದು, ಬೇರೆ ಕಾರಣ ಇಲ್ಲ ಎಂದು ಖಚಿತವಾದರೆ ಪಿಸಿಓಎಸ್ ಎನ್ನುತ್ತಾರೆ. ಹರೆಯದ ಹುಡುಗಿಯರಿಗೆ ಮಾತ್ರ ಬೇರೆ ನಿಯಮ. ಮೈನೆರೆದು 8 ವರ್ಷ ಆಗುವವರೆಗೆ ಸ್ಕ್ಯಾನಿಂಗ್ ನೋಡಿ ಇದನ್ನು ನಿರ್ಧರಿಸಬಾರದು. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವವರ ಅಂಡಾಶಯವೂ ಹಾಗೇ ಕಾಣಬಹುದು.

"ಬೇರೆ ಕಾರಣ" ಎಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸುವುದು ಮುಟ್ಟಿನ ಏರುಪೇರಿಗೆ ಅವು ಕಾರಣವೇ ಎಂದು ನೋಡಲು. 17-ಹೈಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಬೆಳಗಿನ ರಕ್ತ ಪರೀಕ್ಷೆಯೊಂದಿದೆ. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟಿನಿಂದ ಇರುವ ಒಂದು ಕೊರತೆಯನ್ನು ಅದು ಹಿಡಿಯುತ್ತದೆ. ಆ ಕೊರತೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತಂದ ಮನೆಗಳಲ್ಲಿ ಅದರ ಸಾಧ್ಯತೆ ಜಾಸ್ತಿ. ನಿಮ್ಮ ಅಪ್ಪ ಅಮ್ಮ ಸಂಬಂಧಿಕರಾಗಿದ್ದರೆ ಡಾಕ್ಟರಿಗೆ ಅದನ್ನು ಹೇಳಿ. ಇನ್ನು, ಕೆಲವೇ ತಿಂಗಳಲ್ಲಿ ಕೂದಲು ದಿಢೀರನೆ ಹೆಚ್ಚಿದರೆ, ದನಿ ಗಡುಸಾದರೆ, ನೆತ್ತಿ ಬೋಳಾಗತೊಡಗಿದರೆ ತಡ ಮಾಡದೆ ಹೋಗಿ. ಅಪರೂಪಕ್ಕೆ ಅಂಡಾಶಯ ಅಥವಾ ಅಡ್ರಿನಲ್‌ನ ಗಡ್ಡೆಯಿಂದ ಹೀಗಾಗುತ್ತದೆ. ಪಿಸಿಓಎಸ್ ಇಷ್ಟು ಅವಸರ ಮಾಡುವುದಿಲ್ಲ, ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ.

ಈಗ ಚಿಕಿತ್ಸೆ. ಇಲ್ಲಿ ನಾನು ಮಾಡಿದ ತಪ್ಪನ್ನೇ ಬಹಳ ಮಂದಿ ಮಾಡುತ್ತಾರೆ. ಡಾಕ್ಟರು ಮಾತ್ರೆ ಕೊಟ್ಟರು. ಎರಡು ತಿಂಗಳು ನುಂಗಿದೆ. ಕನ್ನಡಿಯಲ್ಲಿ ಏನೂ ಬದಲಾಗಲಿಲ್ಲ. ಬಿಟ್ಟುಬಿಟ್ಟೆ. ಕೂದಲಿಗೆ ಅದರದೇ ಸರದಿ ಇದೆ ಎಂದು ಆಗ ಗೊತ್ತಿರಲಿಲ್ಲ. ಮುಖದ ಪ್ರತಿ ಕೂದಲೂ ಕೆಲವು ತಿಂಗಳು ಬೆಳೆಯುತ್ತದೆ, ಆಮೇಲೆ ನಿಲ್ಲುತ್ತದೆ, ಉದುರುತ್ತದೆ, ಬುಡ ವಿಶ್ರಾಂತಿ ಪಡೆದು ಮತ್ತೆ ಶುರು ಮಾಡುತ್ತದೆ. ಇವತ್ತು ಗದ್ದದಲ್ಲಿ ಕಾಣುವ ಕೂದಲು ತಿಂಗಳುಗಳ ಹಿಂದೆ ಹೊರಟದ್ದು. ಮಾತ್ರೆಯ ಪರಿಣಾಮ ಕಾಣುವುದು ಮುಂದಿನ ಸರದಿಯಲ್ಲಿ. ಅದಕ್ಕೇ ಕನಿಷ್ಠ 6 ತಿಂಗಳು ಕಾಯಿರಿ ಎನ್ನುತ್ತಾರೆ. ಇನ್ನೊಂದು ಸತ್ಯ, ಒಮ್ಮೆ ದಪ್ಪ ಕಪ್ಪಾದ ಕೂದಲು ಮಾತ್ರೆಯಿಂದ ಪೂರ್ತಿ ಮಾಯವಾಗುವುದಿಲ್ಲ. ತೆಳುವಾಗುತ್ತದೆ, ನಿಧಾನವಾಗುತ್ತದೆ, ಹೊಸದಾಗಿ ದಪ್ಪವಾಗುವುದು ತಗ್ಗುತ್ತದೆ. ಇರುವ ಕೂದಲನ್ನು ಹೊರಗಿನಿಂದಲೇ ತೆಗೆಯಬೇಕು. ಒಳಗಿನ ಔಷಧಿ, ಹೊರಗಿನ ಕೆಲಸ ಎರಡೂ ಜೊತೆಗೆ ನಡೆಯಬೇಕು. ಬರೀ ಥ್ರೆಡ್ಡಿಂಗ್ ಮಾಡಿಸುತ್ತಾ ಕೂತರೆ ತೂಬು ತೆರೆದೇ ಇರುತ್ತದೆ. ಬರೀ ಮಾತ್ರೆ ನುಂಗುತ್ತಾ ಕೂತರೆ ಬೆಳೆದ ಕಳೆ ಹಾಗೇ ನಿಂತಿರುತ್ತದೆ.

ಸಾಮಾನ್ಯವಾಗಿ ಮೊದಲು ಕೊಡುವುದು ಗರ್ಭನಿರೋಧಕ ಮಾತ್ರೆ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಚಿಕಿತ್ಸೆ ಮುರಿದು ಬೀಳುವುದೇ ಇಲ್ಲಿ. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದ ಅಮ್ಮನಿಗೆ ಅಲ್ಲಿನವರು "ಇದು ಮಕ್ಕಳಾಗದಿರೋ ಮಾತ್ರೆ" ಎಂದು ಹೇಳುತ್ತಾರೆ. ಅಮ್ಮ ಬೆವರಿಬಿಡುತ್ತಾಳೆ. ಮದುವೆಯಾಗದ ಹುಡುಗಿಗೆ ಇದನ್ನೇಕೆ ಕೊಟ್ಟರು, ನಾಳೆ ಮಕ್ಕಳಾಗದಿದ್ದರೆ, ಯಾರಾದರೂ ನೋಡಿದರೆ? ನನ್ನ ಅಕ್ಕನೂ ಫೋನ್ ಮಾಡಿ ಅತ್ತಳು. ಅವಳಿಗೆ ಹೇಳಿದ್ದು ಇಷ್ಟು. ಈ ಮಾತ್ರೆ ಇಲ್ಲಿ ಹಾರ್ಮೋನಿನ ಔಷಧಿ. ಅಂಡಾಶಯ ಟೆಸ್ಟೋಸ್ಟೆರೋನ್ ಮಾಡುವುದನ್ನು ತಗ್ಗಿಸುತ್ತದೆ, ಇದರಲ್ಲಿರುವ ಈಸ್ಟ್ರೋಜನ್ ಲಿವರ್‌ನಿಂದ ಎಸ್‌ಎಚ್‌ಬಿಜಿ ಜಾಸ್ತಿ ಮಾಡಿಸಿ ತೂಬನ್ನು ಮತ್ತೆ ಮುಚ್ಚುತ್ತದೆ. ಡೇಟ್ ಕ್ರಮಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದನ್ನೂ ಇದು ತಡೆಯುತ್ತದೆ. ಆ ದಪ್ಪ ಪದರ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚಿಸಬಲ್ಲದು, ಹಾಗಾಗಿ ಇದು ಅಂದಚಂದದ ಮಾತಲ್ಲ. ಮಾತ್ರೆ ಬಿಟ್ಟ ಮೇಲೆ ಗರ್ಭ ಧರಿಸುವ ಶಕ್ತಿ ಹೋಗುವುದಿಲ್ಲ. ಪಿಸಿಓಎಸ್ ಇರುವ ಹೆಚ್ಚಿನ ಹೆಂಗಸರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಅಂಡ ಬಿಡುಗಡೆಗೆ ಮಾತ್ರೆಯ ನೆರವು ಬೇಕಾಗುತ್ತದೆ. ನನಗೂ ಬೇಕಾಯಿತು.

ಆದರೆ ಈ ಮಾತ್ರೆ ಎಲ್ಲರಿಗೂ ಅಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ, ಬಿಪಿ ಜಾಸ್ತಿ ಇದ್ದರೆ, ಕಣ್ಣಿಗೆ ಮಿಂಚು ಹೊಡೆದ ಹಾಗಾಗಿ ಬರುವ ಮೈಗ್ರೇನ್ ಇದ್ದರೆ ಮೊದಲೇ ಹೇಳಬೇಕು. ಗೆಳತಿಯ ಚೀಟಿ ತೋರಿಸಿ ತಂದುಕೊಳ್ಳುವ ಮಾತ್ರೆ ಇದಲ್ಲ.

ಆರು ತಿಂಗಳಾದರೂ ಸಾಲದಿದ್ದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಸೇರಿಸುತ್ತಾರೆ. ಅದು ಕೂದಲಿನ ಬುಡದಲ್ಲಿ ಟೆಸ್ಟೋಸ್ಟೆರೋನ್ ಕೂರುವ ಜಾಗವನ್ನೇ ಅಡ್ಡಗಟ್ಟುತ್ತದೆ. ಇದನ್ನು ತೆಗೆದುಕೊಳ್ಳುವಾಗ ಬಸುರಿಯಾಗಲೇಬಾರದು. ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಅಪಾಯ. ಮೆಟ್‌ಫಾರ್ಮಿನ್ ಎಂಬ ಮಾತ್ರೆ ಸಕ್ಕರೆಗೆ, ಮುಟ್ಟಿಗೆ ಒಳ್ಳೆಯದು. ಕೂದಲಿಗೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಪುದೀನ ಚಹಾ ಕುಡಿಯುವವರು ಕುಡಿಯಲಿ, ಚಿಕ್ಕ ಅಧ್ಯಯನಗಳಲ್ಲಿ ಹಾರ್ಮೋನ್ ಸ್ವಲ್ಪ ಇಳಿದಿದೆ. ಔಷಧಿ ಬಿಟ್ಟು ಅದನ್ನೇ ನಂಬಬೇಡಿ.

ಇನ್ನು ಹೊರಗಿನ ಕೆಲಸ. "ಶೇವ್ ಮಾಡಿದರೆ ದಪ್ಪ ಬರುತ್ತೆ" ಎಂದು ನಮ್ಮಜ್ಜಿ ಹೇಳುತ್ತಿದ್ದರು, ಅಮ್ಮ ಹೇಳಿದರು, ಪಾರ್ಲರ್ ಅಕ್ಕನೂ ಹೇಳಿದರು. ಇದು ತಪ್ಪು. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಅಳತೆ ಮಾಡಿ ನೋಡಿದ್ದರು. ಬ್ಲೇಡ್ ಚರ್ಮದ ಮೇಲೆ ಓಡುತ್ತದೆ, ಕೂದಲು ಹುಟ್ಟುವುದು ಚರ್ಮದ ಕೆಳಗೆ. ಮೊಂಡಾಗಿ ಕತ್ತರಿಸಿದ ತುದಿ ಕೈಗೆ ಚುಚ್ಚುತ್ತದೆ, ದಪ್ಪ ಅನ್ನಿಸುತ್ತದೆ ಅಷ್ಟೇ. ಹಾರ್ಮೋನ್ ಏರುತ್ತಿರುವ ವಯಸ್ಸಲ್ಲೇ ಹುಡುಗಿಯರು ಶೇವ್ ಶುರು ಮಾಡುವುದರಿಂದ ಹೆಚ್ಚಿದ ಕೂದಲಿನ ತಪ್ಪೆಲ್ಲ ಬ್ಲೇಡಿನ ಮೇಲೆ ಬೀಳುತ್ತದೆ. ಮುಖಕ್ಕೆಂದೇ ಸಿಗುವ ಪುಟ್ಟ ರೇಜರ್‌ನಿಂದ, ಮುಖ ಒದ್ದೆ ಮಾಡಿ, ಕೂದಲು ಬೆಳೆದ ದಿಕ್ಕಿಗೇ ಎಳೆದರೆ ಸಾಕು. ನಿಜ ಹೇಳಬೇಕೆಂದರೆ, ನಮ್ಮಂತಹ ಗೋಧಿ, ಕಪ್ಪು ಬಣ್ಣದ ಚರ್ಮಕ್ಕೆ ಪದೇ ಪದೇ ಕೀಳುವುದಕ್ಕಿಂತ ಶೇವ್ ಮಾಡುವುದೇ ವಾಸಿ. ಗದ್ದದ ಗಟ್ಟಿ ಕೂದಲನ್ನು ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಚಿಮಟದಿಂದ ಕಿತ್ತರೆ ಬುಡ ಕೆರಳಿ ಕೀವು ಗುಳ್ಳೆ ಏಳುತ್ತದೆ, ಕೂದಲು ಒಳಗೇ ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಕಡಲೆಹಿಟ್ಟು ಅರಿಶಿನ ಉಜ್ಜಿದರೂ ಬುಡ ಹೋಗುವುದಿಲ್ಲ, ಜೋರಾಗಿ ಉಜ್ಜಿದರೆ ಚರ್ಮ ಕೆಂಪಾಗುತ್ತದೆ.

ಒಂದು ಎಚ್ಚರಿಕೆ. ಆ ಕಪ್ಪು ಕಲೆ ಹೋಗಲಿ ಎಂದು ನಾನು ಒಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿದಾಗ ಒಂದು ಕ್ರೀಮ್ ಕೊಟ್ಟರು. ಹತ್ತು ದಿನದಲ್ಲಿ ಮುಖ ಬೆಳಗಿತು. ಖುಷಿಯಾಗಿ ತಿಂಗಳುಗಟ್ಟಲೆ ಹಚ್ಚಿದೆ. ಅದರಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ಕ್ರೀಮ್ ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಹಚ್ಚಿದ ಜಾಗದಲ್ಲಿ ಕೂದಲೂ ಹೆಚ್ಚುತ್ತದೆ. ಕೂದಲಿನಿಂದ ಬಂದ ಕಲೆಗೆ ಹಚ್ಚಿದ್ದು ಕೂದಲನ್ನೇ ಬೆಳೆಸಿತು. ಟ್ಯೂಬ್ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಚರ್ಮದ ಡಾಕ್ಟರನ್ನು ಕೇಳದೆ ಮುಖಕ್ಕೆ ಹಚ್ಚಬೇಡಿ. ತಲೆಕೂದಲಿಗೆ ಬಳಸುವ ಮಿನಾಕ್ಸಿಡಿಲ್ ಹಣೆಗೆ, ಕೆನ್ನೆಗೆ ಇಳಿದರೆ ಅಲ್ಲೂ ಕೂದಲು ಬರುತ್ತದೆ.

ಲೇಸರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಲೇಸರ್ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿ, ಬಿಸಿಯಾಗಿ, ಬುಡವನ್ನು ಸುಡುತ್ತದೆ. ನಮ್ಮ ಚರ್ಮದಲ್ಲೂ ಅದೇ ಬಣ್ಣ ಇರುವುದರಿಂದ ತಪ್ಪು ಯಂತ್ರ, ತಪ್ಪು ಶಕ್ತಿ ಬಳಸಿದರೆ ಚರ್ಮವೇ ಸುಡುತ್ತದೆ. ಆಳಕ್ಕೆ ಹೋಗುವ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಡಯೋಡ್ ಲೇಸರನ್ನೂ ಬಳಸುತ್ತಾರೆ. ಹೋದ ಕಡೆ ಯಾವ ಯಂತ್ರ, ಮಾಡುವವರು ಯಾರು, ಚರ್ಮದ ಡಾಕ್ಟರ್ ಇರುತ್ತಾರಾ ಎಂದು ನಾಚಿಕೆ ಇಲ್ಲದೆ ಕೇಳಿ. ಬೆಳೆಯುವ ಸರದಿಯಲ್ಲಿರುವ ಕೂದಲಿಗೆ ಮಾತ್ರ ಲೇಸರ್ ತಾಗುವುದರಿಂದ ನಾಲ್ಕಾರು ವಾರಕ್ಕೊಮ್ಮೆ ಹಲವು ಸಲ ಹೋಗಬೇಕು. ಅದಕ್ಕೂ ಮುಂಚಿನ ಕೆಲವು ವಾರ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಬೇಡ, ಏಕೆಂದರೆ ಬುಡವೇ ಇಲ್ಲದಿದ್ದರೆ ಬೆಳಕಿಗೆ ಗುರಿ ಇರುವುದಿಲ್ಲ. ಶೇವ್ ಮಾಡಬಹುದು. ಬೆಳ್ಳಗಾದ ಕೂದಲಿಗೆ ಲೇಸರ್ ನಾಟುವುದಿಲ್ಲ. ಅದಕ್ಕೆ ಎಲೆಕ್ಟ್ರಾಲಿಸಿಸ್ ಇದೆ, ಒಂದೊಂದೇ ಬುಡಕ್ಕೆ ಸಣ್ಣ ಸೂಜಿಯಿಂದ ವಿದ್ಯುತ್ ಕೊಟ್ಟು ಕೊಲ್ಲುವುದು. ಇನ್ನೊಂದು ವಿಷಯ, ಕೆಲವರಿಗೆ ಲೇಸರ್ ನಂತರ ಪಕ್ಕದ ನವಿರೇ ದಪ್ಪವಾಗುವುದುಂಟು. ಅಪರೂಪವಾದರೂ ನಮ್ಮ ದೇಶದವರ ಮುಖದಲ್ಲಿ ಅದು ಕಂಡುಬರುತ್ತದೆ, ಹಾಗೇನಾದರೂ ಆದರೆ ಡಾಕ್ಟರಿಗೆ ಹೇಳಿ. "ಜೀವನಪೂರ್ತಿ ಗ್ಯಾರಂಟಿ" ಎನ್ನುವ ಪ್ಯಾಕೇಜಿಗೆ ಒಟ್ಟಿಗೆ ದುಡ್ಡು ಕಟ್ಟಬೇಡಿ. ಒಳಗಿನ ಹಾರ್ಮೋನ್ ಹಾಗೇ ಇದ್ದರೆ ಕೂದಲು ಮತ್ತೆ ಬರುತ್ತದೆ.

ಊಟದ ಮಾತು. ಸಂಜೆ ಮಂಡಕ್ಕಿ ಮಿರ್ಚಿ, ಭಾನುವಾರ ಬೆಣ್ಣೆ ದೋಸೆ ಇಲ್ಲದ ದಾವಣಗೆರೆ ಇದೆಯೇ? ಮಂಡಕ್ಕಿ ಹಗುರ ಎಂದು ಹೊಟ್ಟೆ ತುಂಬ ತಿನ್ನುತ್ತೇವೆ, ಆದರೆ ಅದು ರಕ್ತದಲ್ಲಿ ಸಕ್ಕರೆಯನ್ನು ಸರಕ್ಕನೆ ಏರಿಸುತ್ತದೆ. ಬಿಡಬೇಕಿಲ್ಲ, ಒಂದು ಹಿಡಿ ಕಡಿಮೆ ಮಾಡಿ, ಹುರಿಗಡಲೆ, ಶೇಂಗಾ, ಈರುಳ್ಳಿ ಜಾಸ್ತಿ ಹಾಕಿಕೊಳ್ಳಿ. ರಾತ್ರಿ ಬಿಳಿ ಅನ್ನದ ಗುಡ್ಡೆಯ ಬದಲು ಜೋಳದ ರೊಟ್ಟಿ, ಕಾಳುಪಲ್ಯ ನಮ್ಮಲ್ಲಿ ಇದ್ದೇ ಇದೆ. ನಾನು ಬೆಳಿಗ್ಗೆ ಕುಂದವಾಡ ಕೆರೆಯ ಸುತ್ತ ಬಿರುಸಾಗಿ ನಡೆಯುತ್ತೇನೆ. ದಪ್ಪ ಇರುವವರು ತೂಕದಲ್ಲಿ 100ಕ್ಕೆ 5 ಭಾಗ ಇಳಿಸಿದರೂ ಡೇಟ್ ಸುಧಾರಿಸುತ್ತದೆ, ಇನ್ಸುಲಿನ್ ಇಳಿಯುತ್ತದೆ. ಕೂದಲಿಗೆ ಅದರ ಲಾಭ ಕಡಿಮೆಯೇ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ, ಹಾಗಾಗಿ "ತಿಂದು ತಿಂದು ಹಿಂಗಾಗಿದೆ" ಎಂದು ಯಾವ ಹುಡುಗಿಗೂ ಅನ್ನಬೇಡಿ.

2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲ ಸ್ಥಾನ ಬಂದ ಹುಡುಗಿಯ ಫೋಟೋ ಕೆಳಗೆ ಜನ ಅವಳ ಮೇಲ್ತುಟಿಯ ಕೂದಲಿನ ಬಗ್ಗೆ ಬರೆದರು. ಅಂಕದ ಬಗ್ಗೆ ಮಾತಾಡಿದವರಿಗಿಂತ ಮೀಸೆಯ ಬಗ್ಗೆ ಮಾತಾಡಿದವರೇ ಎದ್ದು ಕಂಡರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಅದನ್ನೂ ವಿಚಾರಿಸಬೇಕು ಎಂದು ಡಾಕ್ಟರುಗಳ ಮಾರ್ಗಸೂಚಿಯೇ ಹೇಳುತ್ತದೆ. ಮನೆಯಲ್ಲಿ ಹೇಳಿಕೊಳ್ಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಗೆ ಹೋಗುವುದು? ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಹೆರಿಗೆ ವಿಭಾಗ ಎಂದು ಬೋರ್ಡ್ ಇದ್ದರೆ ಮದುವೆಯಾಗದ ಹುಡುಗಿಯರು ಒಳಗೆ ಹೋಗಲು ಅಂಜುತ್ತಾರೆ. ಚರ್ಮದ ವಿಭಾಗದಿಂದಲೂ ಶುರು ಮಾಡಬಹುದು. ಕಳೆದ ಒಂದು ವರ್ಷದ ಡೇಟುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಕತ್ತಿನ ಹಿಂದೆ ಮಕಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದನ್ನೂ ತೋರಿಸಿ, ಅದು ಇನ್ಸುಲಿನ್ ಹೆಚ್ಚಿರುವ ಗುರುತು. ಸಕ್ಕರೆ ಪರೀಕ್ಷೆ ಮಾಡಿಸಿ. ಹಾರ್ಮೋನ್ ಮಾತ್ರೆ ಈಗಾಗಲೇ ನುಂಗುತ್ತಿದ್ದರೆ ಹೇಳಿ, ರಕ್ತ ಪರೀಕ್ಷೆಯ ಅಂಕಿ ಅದರಿಂದ ಬದಲಾಗುತ್ತದೆ.

ಮತ್ತೆ ಒಂದು ಮಾತು, ಅಕ್ಕನ ಮಗಳಿಗೆ ಇದನ್ನೇ ಒತ್ತಿ ಹೇಳಿದ್ದೆ. ನಾವೆಲ್ಲ ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಪಾರ್ಲರಿಗೆ ಹೋಗಿ ಮುಖ ಚೊಕ್ಕ ಮಾಡಿಸಿಕೊಂಡು ಹೋಗುತ್ತೇವೆ. ನಾನೂ ಹಾಗೇ ಹೋಗಿದ್ದೆ, ಮೊಡವೆ ಮಾತ್ರ ಕಂಡಿತು ಅವರಿಗೆ. ಈ ಸಲ ಏನೂ ತೆಗೆಯದೆ ಬಾ ಎಂದೆ. ಮೂರು ವಾರ ಅವಳು ದಾರ ಮುಟ್ಟಿಸಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ದುಪಟ್ಟಾ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಹೆಸರು ಕರೆದರು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ನನ್ನ ಕಡೆ ಒಮ್ಮೆ ನೋಡಿ, ಬಿಚ್ಚಿದಳು. ಡಾಕ್ಟರಮ್ಮ ಟೇಬಲ್ ದೀಪ ಹತ್ತಿರ ಎಳೆದು ಗದ್ದ ನೋಡಿದರು, ಒಂದು ಹಾಳೆ ತೆಗೆದು ಅಂಕ ಬರೆಯುತ್ತಾ, "ಡೇಟ್ ಸರಿಯಾಗಿ ಆಗುತ್ತೇನಮ್ಮಾ?" ಎಂದು ಕೇಳಿದರು. ಅವಳು ಬ್ಯಾಗಿನಿಂದ ಕ್ಯಾಲೆಂಡರ್ ತೆಗೆದಳು.